ಪ್ಯಾರಿಸಿಗೊಬ್ಬ ಪ್ರತಿನಿಧಿ: ‘ಫ್ರೆಂಚ್ ಇಂಡಿಯಾ’ ಎಂಬ ಅಳಿದ ಮತಕ್ಷೇತ್ರ

ಫ್ರಾನ್ಸಿನ ಸಂಸತ್ತಿನ ಕೆಳಮನೆಯಲ್ಲಿ ಭಾರತದ ಹೆಸರಿನಲ್ಲಿ ಒಂದು ಸ್ಥಾನವಿತ್ತೆಂಬುದು ಇಂದು ಪುದುಚೇರಿಯ ಹೊರಗೆ ಹೆಚ್ಚು ಜನರ ನೆನಪಿನಲ್ಲಿ ಉಳಿದಿಲ್ಲ. 1871ರಿಂದ 1955ರವರೆಗೆ, ಎರಡನೆಯ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಡೆಬಿಡದೆ ನಡೆದುಬಂದ ಈ ಮತಕ್ಷೇತ್ರದ ಹೆಸರು ‘ಫ್ರೆಂಚ್ ಇಂಡಿಯಾ’; ಅದರ ವ್ಯಾಪ್ತಿ ಎಲ್ಲ ಸೇರಿ ಸುಮಾರು 500 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು ಮೂರು ಲಕ್ಷ. ಕೋರಮಂಡಲ ತೀರದ ಪುದುಚೇರಿ ಮತ್ತು ಕಾರೈಕಾಲ್, ಗೋದಾವರಿಯ ಮುಖಜ ಭೂಮಿಯಲ್ಲಿರುವ ಯಾನಂ, ಮಲಬಾರಿನ ಮಾಹೆ, ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿಯ ದಂಡೆಯ ಮೇಲಿದ್ದ ಚಂದ್ರನಗರ, ಈ ಐದು ತುಣುಕುಗಳೂ ಕೂಡಿ ಒಬ್ಬನೇ ಪ್ರತಿನಿಧಿಯನ್ನು ಆರಿಸಬೇಕಿತ್ತು. ತಮಿಳು, ತೆಲುಗು, ಮಲಯಾಳ, ಬಂಗಾಳಿ ಆಡುವ ಮತದಾರರು ಪರಸ್ಪರರನ್ನು ಎಂದೂ ಕಾಣದೆ, ಹಲವು ಬಾರಿ ಅಭ್ಯರ್ಥಿಯನ್ನೂ ಕಾಣದೆ, ಒಂದೇ ಹೆಸರಿಗೆ ಮತ ಹಾಕುತ್ತಿದ್ದರು. ಪುದುಚೇರಿಯೆಂಬ ಒಂದು ತುಣುಕು ಕೂಡ ಅಖಂಡವಾಗಿರಲಿಲ್ಲ. ಬ್ರಿಟಿಷರ ಹಳ್ಳಿಗಳು ಅದರ ನಡುನಡುವೆ ಹೆಣೆದುಕೊಂಡಿದ್ದುದರಿಂದ ಪಟ್ಟಣದಿಂದ ಬಾಹೂರಿಗೆ ಹೋಗುವವನು ದಾರಿಯಲ್ಲಿ ಬ್ರಿಟಿಷ್ ಸೀಮೆಯನ್ನು ಹಾಯಬೇಕಾಗಿತ್ತು. ಈ ಒಡಕು ಗಡಿಯ ಉಪಯೋಗ ಚುನಾವಣೆಯ ದಿನಗಳಲ್ಲಿ ಎಲ್ಲ ಪಕ್ಷದವರಿಗೂ ಚೆನ್ನಾಗಿ ತಿಳಿದಿತ್ತು.

ಈ ಹಕ್ಕಿನ ಮೂಲ 1848ರ ಕ್ರಾಂತಿಯಲ್ಲಿದೆ. ಆ ವರ್ಷ ಸ್ಥಾಪನೆಯಾದ ಎರಡನೆಯ ಗಣರಾಜ್ಯವು ವಯಸ್ಕ ಪುರುಷರೆಲ್ಲರಿಗೂ ಮತದಾನದ ಹಕ್ಕು ಕೊಟ್ಟು, ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿ, ಆ ವಸಾಹತುಗಳಿಂದ ಪ್ರತಿನಿಧಿಗಳನ್ನು ಪ್ಯಾರಿಸಿಗೆ ಕರೆಸಿಕೊಳ್ಳಲು ಮುಂದಾದಾಗ ಭಾರತದ ನೆಲೆಗಳಿಗೂ ಒಂದು ಸ್ಥಾನ ಸಿಕ್ಕಿತು. ಆದರೆ ಅದು ಬಹುಕಾಲ ಬಾಳಲಿಲ್ಲ. ಮರುವರ್ಷದ ಚುನಾವಣಾ ಕಾನೂನು ಆ ಸ್ಥಾನವನ್ನು ಕಿತ್ತುಹಾಕಿತು. ಮೂರನೆಯ ನೆಪೋಲಿಯನ್ನನ ಸಾಮ್ರಾಜ್ಯವು ವಸಾಹತುಗಳ ಪ್ರಾತಿನಿಧ್ಯವೆಂಬ ಕಲ್ಪನೆಯನ್ನೇ ಬದಿಗಿಟ್ಟಿತು. 1870ರಲ್ಲಿ ಪ್ರಶ್ಯದ ಕೈಯಲ್ಲಿ ಸೋತು ಆ ಸಾಮ್ರಾಜ್ಯ ಕುಸಿದ ಮೇಲೆ, ಹೊಸ ಗಣರಾಜ್ಯವು ತನ್ನ ಹಿಂದಿನ ಮಾತನ್ನು ಮತ್ತೆ ಕೈಗೆತ್ತಿಕೊಂಡಿತು. 1871ರಲ್ಲಿ ಆರಿಸಿಬಂದ ದೆಬಸ್ಸಾಂ ದ ರಿಶ್‌ಮೋಂ, 1820ರ ದಶಕದಲ್ಲಿ ಪುದುಚೇರಿಯ ಗವರ್ನರ್ ಆಗಿದ್ದವನ ಮಗ. 1875ರ ಸಾಂವಿಧಾನಿಕ ಕಾನೂನುಗಳು ಮೇಲ್ಮನೆಯಾದ ಸೆನೆಟ್ಟಿನಲ್ಲೂ ಒಂದು ಸ್ಥಾನವನ್ನು ಕೊಟ್ಟವು. ಕೆಳಮನೆಯ ಸದಸ್ಯನಾದ ‘ದೆಪ್ಯುಟೆ’ಯನ್ನು ಜನರು ನೇರವಾಗಿ ಆರಿಸುತ್ತಿದ್ದರೆ, ಸೆನೆಟರನನ್ನು ಸ್ಥಳೀಯ ಸಭೆಗಳ ಸದಸ್ಯರು ಆರಿಸುತ್ತಿದ್ದರು.

ಬ್ರಿಟಿಷ್ ಭಾರತದಲ್ಲಿ 1909ರ ಸುಧಾರಣೆಗಳು ಬರುವವರೆಗೆ ಶಾಸನಸಭೆಗೆ ಚುನಾಯಿತನಾಗುವ ಮಾತೇ ಗೌಣವಾಗಿತ್ತೆಂಬುದನ್ನೂ, ಅಲ್ಲಿ ಆಸ್ತಿ ಮತ್ತು ತೆರಿಗೆಯ ಅಳತೆಗೋಲಿಲ್ಲದ ವಯಸ್ಕ ಮತದಾನ ಸ್ವಾತಂತ್ರ್ಯದ ನಂತರವೇ ಬಂದಿತೆಂಬುದನ್ನೂ ನೆನೆದರೆ, 1870ರ ದಶಕದಲ್ಲಿಯೇ ವಿಲ್ಲಿಯನೂರಿನ ಒಬ್ಬ ಗೇಣಿದಾರ ಪ್ಯಾರಿಸಿನ ಸಂಸತ್ತಿಗೆ ಮತ ಹಾಕುವ ಹಕ್ಕು ಪಡೆದಿದ್ದನೆಂಬುದು ಸಣ್ಣ ಸಂಗತಿಯಲ್ಲ. ಆದರೆ ಹಕ್ಕು ಕಾಗದದ ಮೇಲೆ ಯಾರ ಹೆಸರಿನಲ್ಲಿದೆ ಎಂಬುದೂ, ಮತಚೀಟಿ ಯಾರ ಕೈಯಿಂದ ಪೆಟ್ಟಿಗೆಗೆ ಬೀಳುತ್ತದೆ ಎಂಬುದೂ ಎರಡು ಬೇರೆ ಪ್ರಶ್ನೆಗಳು. ಈ ಕ್ಷೇತ್ರದ ಎಂಬತ್ತು ವರ್ಷಗಳ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲಿಯೇ ನಡೆದಿದೆ.

ಅಂತರ ಹುಟ್ಟಿದ ಬಗೆಯನ್ನು ಅರಿಯಲು ಸ್ಥಳೀಯ ಆಡಳಿತದ ರಚನೆಯನ್ನು ನೋಡಬೇಕು. 1872ರಲ್ಲಿ ಪ್ರತಿಯೊಂದು ನೆಲೆಗೂ ಒಂದು ಸ್ಥಳೀಯ ಸಭೆ, 1879ರಲ್ಲಿ ಎಲ್ಲ ನೆಲೆಗಳಿಗೂ ಸೇರಿ ಪುದುಚೇರಿಯಲ್ಲಿ ಕೂಡುವ ಜನರಲ್ ಕೌನ್ಸಿಲ್, 1880ರ ಮಾರ್ಚ್ 12ರ ಆಜ್ಞೆಯಿಂದ ಫ್ರಾನ್ಸಿನ ಮಾದರಿಯ ಪುರಸಭೆಗಳು, ಹೀಗೆ ಒಂದರ ಹಿಂದೆ ಒಂದು ಸಂಸ್ಥೆಗಳು ಬಂದವು. ‘ಕೊಮ್ಯೂನ್’ ಎಂದು ಕರೆಯಲಾಗುತ್ತಿದ್ದ ಪುರಸಭೆಯ ವ್ಯಾಪ್ತಿಯಲ್ಲಿ ಪಟ್ಟಣದಷ್ಟೇ ಹಳ್ಳಿಗಳೂ ಇದ್ದವು; ಅದರ ಮುಖ್ಯಸ್ಥ ‘ಮೇರ್’ ಜನನ ಮರಣಗಳನ್ನು ನೋಂದಾಯಿಸುವವನು, ಮತದಾರರ ಪಟ್ಟಿಯನ್ನು ತಯಾರಿಸುವವನು, ಮತಗಟ್ಟೆಯ ಮೇಲ್ವಿಚಾರಣೆ ನಡೆಸುವವನು ಎಲ್ಲವೂ ಆಗಿದ್ದ. ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಯಾರಿಗಿತ್ತೋ, ಅವರು ಮತ ಹಾಕಿದರೆಂದು ಬರೆದುಕೊಳ್ಳುವ ಅಧಿಕಾರವೂ ಅವನಿಗೇ ಇತ್ತು. ಫ್ರಾನ್ಸಿನಲ್ಲಿ ಇದೇ ವ್ಯವಸ್ಥೆ ಪತ್ರಿಕೆಗಳ, ವಿರೋಧಿ ಪಕ್ಷಗಳ, ಸ್ವತಂತ್ರ ನ್ಯಾಯಾಲಯಗಳ ಕಣ್ಗಾವಲಿನಲ್ಲಿ ನಡೆಯುತ್ತಿತ್ತು. ಇಲ್ಲಿ ಅಂಥ ಕಣ್ಗಾವಲು ದುರ್ಬಲವಾಗಿತ್ತು.

ಇದಕ್ಕೆ ಜಾತಿಯ ಪ್ರಶ್ನೆ ಸೇರಿಕೊಂಡಿತು. ಫ್ರೆಂಚರು ಮತದಾನದ ಹಕ್ಕು ಕೊಟ್ಟಿದ್ದರೂ ಭಾರತೀಯರ ಮದುವೆ, ಉತ್ತರಾಧಿಕಾರ, ಆಸ್ತಿ ಹಂಚಿಕೆಗಳನ್ನು ಅವರವರ ಹಿಂದೂ ಅಥವಾ ಇಸ್ಲಾಮಿ ಕಟ್ಟಳೆಗೇ ಬಿಟ್ಟಿದ್ದರು. ಇದನ್ನು ‘ವೈಯಕ್ತಿಕ ಸ್ಥಾನಮಾನ’ ಎನ್ನುತ್ತಿದ್ದರು. ಪುದುಚೇರಿಯ ವಕೀಲ ಪೊನ್ನುತಂಬಿ ಪಿಳ್ಳೆ 1873ರಲ್ಲಿ ಯುರೋಪಿಯನ್ ಬೂಟು ತೊಟ್ಟು ನ್ಯಾಯಾಲಯಕ್ಕೆ ಬಂದದ್ದಕ್ಕಾಗಿ ದಂಡ ತೆತ್ತ ಮೇಲೆ, ಪ್ರಕರಣವನ್ನು ಪ್ಯಾರಿಸಿನ ಅತ್ಯುನ್ನತ ನ್ಯಾಯಾಲಯದವರೆಗೆ ಒಯ್ದು ಗೆದ್ದ. ಇದೇ ಹೋರಾಟದ ಮುಂದುವರಿಕೆಯಾಗಿ ಅವನೂ ಅವನ ಸಂಗಡಿಗರೂ ವೈಯಕ್ತಿಕ ಸ್ಥಾನಮಾನವನ್ನು ತೊರೆದು ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡುವ ಅವಕಾಶ ಕೇಳಿದರು. 1881ರ ಸೆಪ್ಟೆಂಬರ್ 21ರ ಆಜ್ಞೆ ಅದನ್ನು ಒದಗಿಸಿತು. ಹೀಗೆ ತೊರೆದವರನ್ನು ‘ರೆನೋನ್ಸಾಂ’ ಎಂದರು. ಅವರು ಒಂದು ಕುಲನಾಮವನ್ನು ಆರಿಸಿಕೊಳ್ಳಬೇಕಿತ್ತು, ಪೊನ್ನುತಂಬಿ ಲಾಪೋರ್ತ್ ಎಂಬ ಹೆಸರು ತೆಗೆದುಕೊಂಡ. ರೆನೋನ್ಸಾಂಗಳಲ್ಲಿ ಕ್ರೈಸ್ತರೂ, ಜಾತಿಯ ಕಟ್ಟಿನಿಂದ ಹೊರಬರಲು ಬಯಸಿದ ದಲಿತರೂ ಬಹುಸಂಖ್ಯೆಯಲ್ಲಿದ್ದರು. ಕಾನೂನಿನ ಕಣ್ಣಿನಲ್ಲಿ ತಾವೂ ಫ್ರೆಂಚರೇ ಆದ ಮೇಲೆ ಯುರೋಪಿಯನ್ನರ ಜೊತೆ ಒಂದೇ ಮತದಾರರ ಪಟ್ಟಿಯಲ್ಲಿ ಕೂಡುವುದು ಸಹಜವೆಂದು ಅವರು ನಂಬಿದ್ದರು.

ಆ ನಂಬಿಕೆಯನ್ನು ಮುರಿದ ಶಕ್ತಿ ಎರಡು ಕಡೆಯಿಂದ ಬಂತು. ಪಟ್ಟಿಯಲ್ಲಿ ಕೆಲವೇ ನೂರರಷ್ಟಿದ್ದ ಬಿಳಿಯರು ತಮ್ಮ ಸ್ಥಾನಗಳನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ಇನ್ನೊಂದು ಕಡೆ ಮೇಲ್ಜಾತಿ ಹಿಂದೂಗಳ ನಾಯಕನಾಗಿ ಬೆಳೆದ ಷಣ್ಮುಗ ವೇಲಾಯುಧ ಮುದಲಿಯಾರ್ ರೆನೋನ್ಸಾಂಗಳನ್ನು ಧರ್ಮ ಮತ್ತು ಕಟ್ಟಳೆಗಳ ಶತ್ರುಗಳೆಂದು ಬಿಂಬಿಸಿದ. 1884ರ ಆಜ್ಞೆ ಮತದಾರರನ್ನು ಮೂರು ಪಟ್ಟಿಗಳಾಗಿ ಒಡೆಯಿತು: ಯುರೋಪಿಯನ್ನರು ಮತ್ತು ಅವರ ಸಂತತಿಯವರು ಒಂದರಲ್ಲಿ, ರೆನೋನ್ಸಾಂಗಳು ಇನ್ನೊಂದರಲ್ಲಿ, ವೈಯಕ್ತಿಕ ಸ್ಥಾನಮಾನ ಉಳಿಸಿಕೊಂಡ ಭಾರತೀಯರು ಮೂರನೆಯದರಲ್ಲಿ. ಸ್ಥಳೀಯ ಸಭೆಗಳ ಸ್ಥಾನಗಳನ್ನು ಈ ಪಟ್ಟಿಗಳ ನಡುವೆ ಹಂಚಲಾಯಿತು, ಎಂದರೆ ಕೆಲವು ನೂರು ಯುರೋಪಿಯನ್ನರಿಗೂ ಹತ್ತಾರು ಸಾವಿರ ಹಿಂದೂ, ಮುಸ್ಲಿಮರಿಗೂ ಸರಿಸಮ ಪಾಲು. ಆದರೆ ಪ್ಯಾರಿಸಿನ ಸ್ಥಾನಕ್ಕೆ ಮತ ಎಣಿಸುವಾಗ ತಲೆಗೊಂದು ಮತವೇ ಆದ್ದರಿಂದ ಅಲ್ಲಿ ನಿರ್ಣಾಯಕವಾದುದು ಮೂರನೆಯ ಪಟ್ಟಿ, ಆ ಪಟ್ಟಿಯನ್ನು ಹಿಡಿದಿದ್ದವನು ಷಣ್ಮುಗ. 1899ರಲ್ಲಿ ಪಟ್ಟಿಗಳು ಎರಡಾದವು. ನಿಗದಿತ ಷರತ್ತುಗಳನ್ನು ಪೂರೈಸಿದ ಕೆಲವು ರೆನೋನ್ಸಾಂಗಳಿಗೆ ಮೊದಲ ಪಟ್ಟಿಯ ಬಾಗಿಲು ತೆರೆಯಿತು, ಉಳಿದವರು ಎರಡನೆಯದಕ್ಕೆ ಮರಳಿದರು.

1880ರ ಸುಮಾರಿನಿಂದ 1906ರವರೆಗೆ ಷಣ್ಮುಗನ ಕಾಲ. ಅವನು ಎಂದೂ ದೆಪ್ಯುಟೆ ಆಗಲಿಲ್ಲ, ಆಗುವ ಅಗತ್ಯವೂ ಅವನಿಗಿರಲಿಲ್ಲ. ಆ ಸ್ಥಾನ ಯಾರಿಗೆ ಸಲ್ಲಬೇಕೆಂದು ಹೇಳುವ ಮಟ್ಟದಲ್ಲಿ ಅವನಿದ್ದ, ಇತಿಹಾಸಕಾರರು ಅವನನ್ನು ಫ್ರೆಂಚ್ ಇಂಡಿಯಾದ ರಾಜನೆಂದೇ ಕರೆದಿದ್ದಾರೆ. 1881ರಿಂದ 1898ರವರೆಗೆ ಆ ಸ್ಥಾನ ಹಿಡಿದಿದ್ದ ಪಿಯೆರ್-ಆಲಿಪ್, ಅವನ ನಂತರ ಬಂದ, ಫ್ರೆಂಚ್ ವಸಾಹತುಗಳ ಕುರಿತು ಗ್ರಂಥಮಾಲೆ ಹೊರತಂದಿದ್ದ ಲೂಯಿ ಆಂರಿಕ್ ಮೊದಲಾದವರು ಪ್ಯಾರಿಸಿನ ರಾಜಕೀಯದ ಜನ. ಇವರ ನಡುವಿನ ಒಪ್ಪಂದ ಸರಳವಾದುದು: ಪುದುಚೇರಿಯ ನಾಯಕ ಮತಗಳನ್ನು ತಂದುಕೊಡುವನು, ಪ್ಯಾರಿಸಿನ ದೆಪ್ಯುಟೆ ವಸಾಹತು ಖಾತೆಯ ಕಚೇರಿಗಳಲ್ಲಿ ಆ ನಾಯಕನ ಪರ ನಿಲ್ಲುವನು, ಅಡ್ಡಿಪಡಿಸುವ ಗವರ್ನರನೊಬ್ಬ ಬಂದರೆ ಅವನ ವರ್ಗಾವಣೆಯ ಬಗ್ಗೆ ಮಂತ್ರಿಯ ಕಿವಿಯಲ್ಲಿ ಮಾತು ಬೀಳುವುದು. ಆಗಾಗ ಬದಲಾಗುತ್ತಿದ್ದ ಗವರ್ನರರಿಗಿಂತ ಬದಲಾಗದ ಷಣ್ಮುಗನೇ ಪ್ರಬಲನಾದುದು ಆಶ್ಚರ್ಯವಲ್ಲ. ಜಾತಿಯ ಕಟ್ಟಳೆಗಳನ್ನು ಕಾಪಾಡಲು ಹೊರಟವನು, ಸಮಾನತೆಯ ಘೋಷಣೆಯಿಂದ ಹುಟ್ಟಿದ ಮತದಾನದ ಹಕ್ಕನ್ನೇ ಅದಕ್ಕೆ ಆಯುಧವಾಗಿ ಬಳಸಿದ್ದರಲ್ಲಿ ಅವನ ಜಾಣ್ಮೆಯೂ ಇದೆ, ಆ ಹಕ್ಕನ್ನು ಕೊಟ್ಟವರ ಅರೆಮನಸ್ಸೂ ಇದೆ.

ಈ ಘಟ್ಟದ ‘ಪಕ್ಷ’ಗಳನ್ನು ಇಂದಿನ ಅರ್ಥದಲ್ಲಿ ನೋಡುವಂತಿಲ್ಲ. ಪ್ರಣಾಳಿಕೆ, ಸದಸ್ಯತ್ವ, ವಾರ್ಷಿಕ ಅಧಿವೇಶನಗಳಿಲ್ಲದ ಇವು ಒಬ್ಬ ನಾಯಕನ ಸುತ್ತ ಸೇರಿದ ಬಣಗಳು. ನಾಯಕ ಬಿದ್ದರೆ ಬಣದ ಹೆಸರೂ ಬದಲಾಗುತ್ತಿತ್ತು. ಷಣ್ಮುಗನ ಪ್ರಾಬಲ್ಯ 1906ರಲ್ಲಿ ಮುರಿದುಬಿದ್ದ ಮೇಲೆ ಗಿರಣಿಯ ಒಡೆಯ ಆಂರಿ ಗೇಬೆಲೆ ಪುದುಚೇರಿಯ ಮೇರ್ ಆಗಿ ಅದೇ ಯಂತ್ರದ ಚುಕ್ಕಾಣಿ ಹಿಡಿದ. ಮೇಲ್ಜಾತಿಯ ಭೂಮಾಲೀಕನ ಜಾಗಕ್ಕೆ ಯುರೋಪಿಯನ್ ಉದ್ಯಮಿ ಬಂದರೂ ಪಟ್ಟಿ, ಮತಗಟ್ಟೆ, ಮತಚೀಟಿಗಳ ವ್ಯವಹಾರದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

1910ರ ಚುನಾವಣೆ ಬೇರೊಂದು ಕಾರಣಕ್ಕಾಗಿ ನೆನಪಿನಲ್ಲಿ ಉಳಿದಿದೆ. ಹಿಂದೆ ಪುದುಚೇರಿಯಲ್ಲಿ ಗವರ್ನರ್ ಆಗಿದ್ದ ಫಿಲೆಮಾ ಲೆಮೇರ್ ಮತ್ತು ಪ್ಯಾರಿಸಿನ ಪತ್ರಕರ್ತ ಪೋಲ್ ಬ್ಲ್ಯುಯ್ಸೆನ್ ಆ ಬಾರಿ ಎದುರಾಳಿಗಳು. ಬ್ಲ್ಯುಯ್ಸೆನ್‌ನ ಪ್ರಚಾರಕ್ಕೆಂದು ಫ್ರಾನ್ಸಿನಿಂದ ಬಂದಿದ್ದ ವಕೀಲ ಪೋಲ್ ರಿಶಾರ್, ಅದೇ ಏಪ್ರಿಲ್ 4ರಂದು ಬ್ರಿಟಿಷರ ಕೈತಪ್ಪಿಸಿಕೊಂಡು ಪುದುಚೇರಿಗೆ ಬಂದಿಳಿದ ಅರವಿಂದ ಘೋಷರನ್ನು ಶಂಕರ ಚೆಟ್ಟಿಯಾರರ ಮನೆಯಲ್ಲಿ ಭೇಟಿಯಾದ. ಬ್ಲ್ಯುಯ್ಸೆನ್ ಗೆದ್ದ. ನಾಲ್ಕು ವರ್ಷಗಳ ನಂತರ, 1914ರಲ್ಲಿ, ರಿಶಾರ್ ತಾನೇ ಅಭ್ಯರ್ಥಿಯಾಗಿ ಮರಳಿದ; ಅವನೊಡನೆ ಮಾರ್ಚ್ 29ರಂದು ಬಂದ ಪತ್ನಿ ಮೀರಾ ಅಲ್ಫಾಸಾ ಮುಂದೆ ಅರವಿಂದಾಶ್ರಮದ ‘ಶ್ರೀಮಾತೆ’ಯಾದರು. ಯಾವ ಮೇರ್‌ನ ಬೆಂಬಲವೂ ಇಲ್ಲದ ರಿಶಾರ್‌ಗೆ ಸಿಕ್ಕ ಮತಗಳು ತೀರ ಅತ್ಯಲ್ಪ, ಬ್ಲ್ಯುಯ್ಸೆನ್ ಮತ್ತೆ ಗೆದ್ದ. ಆದರ್ಶದ ಮಾತಿಗೆ ಈ ಕ್ಷೇತ್ರದಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಈ ಫಲಿತಾಂಶ ಸ್ಪಷ್ಟವಾಗಿಯೇ ಹೇಳುತ್ತದೆ.

ಬ್ಲ್ಯುಯ್ಸೆನ್ 1924ರಲ್ಲಿ ಸೆನೆಟ್ಟಿಗೆ ಹೋದ. ಅವನ ಜಾಗಕ್ಕೆ ಬಂದ ಗಾಬ್ರಿಯೆಲ್ ಆಂಗೂಲ್ವಾಂ, ಐವರಿ ಕೋಸ್ಟಿನಲ್ಲಿ ಬಲಪ್ರಯೋಗದಿಂದ ಆಳಿದ ಗವರ್ನರನೆಂದು ಆಗಲೇ ಹೆಸರಾಗಿದ್ದವನು. 1932ರಿಂದ ಆ ಸ್ಥಾನ ಪ್ಯಾರಿಸಿನ ದೊಡ್ಡ ಪತ್ರಿಕಾ ಮನೆತನದ ಪಿಯೆರ್ ದ್ಯುಪ್ವಿಗೆ ಸೇರಿತು. 1945ರವರೆಗೆ ಭಾರತೀಯ ಮೂಲದ ಒಬ್ಬನೂ ಭಾರತದ ಹೆಸರಿನ ಆ ಸ್ಥಾನದಲ್ಲಿ ಕೂರಲಿಲ್ಲ.

ಬದಲಾವಣೆ ಸಂಸತ್ತಿನ ಕಡೆಯಿಂದ ಬರಲಿಲ್ಲ, ಬಟ್ಟೆ ಗಿರಣಿಗಳಿಂದ ಬಂತು. ಸವಾನಾ, ರೋದಿಯೆ, ಗೇಬೆಲೆ ಎಂಬ ಮೂರು ಗಿರಣಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಕಾರ್ಮಿಕರನ್ನು ವಿ. ಸುಬ್ಬಯ್ಯ 1930ರ ದಶಕದಲ್ಲಿ ಸಂಘಟಿಸಿದರು. ಅವರ ತಮಿಳು ಪತ್ರಿಕೆಯ ಹೆಸರು ‘ಸ್ವತಂತ್ರಂ’. 1936ರ ಜುಲೈ 30ರಂದು ಮುಷ್ಕರನಿರತ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ ಹನ್ನೆರಡು ಮಂದಿ ಸತ್ತಾಗ ಪ್ಯಾರಿಸಿನಲ್ಲಿ ಅಧಿಕಾರದಲ್ಲಿದ್ದುದು ಎಡಪಂಥೀಯರ ಪಾಪ್ಯುಲರ್ ಫ್ರಂಟ್ ಸರ್ಕಾರ. ಮರುವರ್ಷವೇ ಎಂಟು ಗಂಟೆಗಳ ದುಡಿಮೆಯ ದಿನ ಮತ್ತು ಕಾರ್ಮಿಕ ಸಂಘದ ಹಕ್ಕುಗಳು ಕಾನೂನಾದವು. ಅರವತ್ತೈದು ವರ್ಷಗಳ ಚುನಾವಣೆಗಳು ಮಾಡದ್ದನ್ನು ಒಂದು ಮುಷ್ಕರ ಮಾಡಿತೆಂದು ಹೇಳುವುದು ಅತಿಯಾಗಬಹುದು, ಪೂರ್ತಿ ಸುಳ್ಳಾಗದು. ಇದೇ ದಶಕದ ಕೊನೆಯ ಭಾಗದಲ್ಲಿ ಬಣಗಳ ಬದಲು ಪಕ್ಷಗಳೆಂದು ಕರೆಯಬಹುದಾದ ಸಂಘಟನೆಗಳು ತಲೆಯೆತ್ತಿದವು: ಒಂದು ಕಡೆ ಸೆಲ್ವರಾಜ ಚೆಟ್ಟಿಯಾರರ ಫ್ರಾಂಕೋ-ಹಿಂದೂ ಪಕ್ಷ, ಇನ್ನೊಂದು ಕಡೆ ಮಹಾಜನ ಸಭೆ.

ಯುದ್ಧಕಾಲದಲ್ಲಿ ಗವರ್ನರ್ ಬೊನ್ವಾಂ 1940ರ ಸೆಪ್ಟೆಂಬರಿನಲ್ಲಿಯೇ ದ ಗಾಲ್‌ನ ಪಕ್ಷ ವಹಿಸಿದ, ಚುನಾವಣೆಗಳು ನಿಂತವು. 1945ರ ಆಗಸ್ಟ್ 23ರ ಆಜ್ಞೆ ಪ್ರತ್ಯೇಕ ಪಟ್ಟಿಗಳನ್ನು ಅಳಿಸಿ ಸ್ತ್ರೀಪುರುಷರಿಗೆಲ್ಲ ಒಂದೇ ಮತಪಟ್ಟಿಯನ್ನು ತಂದಿತು. ಅಲ್ಲಿಂದ ಮುಂದೆ ಆ ಸ್ಥಾನಕ್ಕೆ ಬಂದವರೆಲ್ಲ ಈ ನೆಲದವರೇ. ಸುಬ್ಬಯ್ಯನವರ ಕಮ್ಯುನಿಸ್ಟರು ಮತ್ತು ಇತರ ರಾಷ್ಟ್ರೀಯವಾದಿಗಳು ಸೇರಿ ಕಟ್ಟಿದ ರಾಷ್ಟ್ರೀಯ ಪ್ರಜಾಸತ್ತಾತ್ಮಕ ರಂಗವು 1946ರಲ್ಲಿ ಲಂಬೇರ್ ಸರವಣೆಯನ್ನು ಗೆಲ್ಲಿಸಿ ಪ್ಯಾರಿಸಿಗೆ ಕಳುಹಿಸಿತು. ಸುಬ್ಬಯ್ಯನವರೇ 1947ರಲ್ಲಿ ಅಲ್ಲಿನ ಮೇಲ್ಮನೆಯ ಸದಸ್ಯರಾದರು. ಬ್ರಿಟಿಷರು ಭಾರತ ಬಿಡುತ್ತಿದ್ದ ಆ ತಿಂಗಳುಗಳಲ್ಲಿ ರಂಗ ಒಡೆಯಿತು. 1947ರ ಜುಲೈನಲ್ಲಿ ಸರವಣೆ ಮತ್ತು ಎದ್ವಾರ್ ಗೂಬೇರ್ ಜೊತೆಗೂಡಿದ ಫ್ರೆಂಚ್ ಇಂಡಿಯಾ ಸಮಾಜವಾದಿ ಪಕ್ಷ ಫ್ರೆಂಚ್ ಒಕ್ಕೂಟದೊಳಗೇ ಉಳಿಯುವ ಪರವಾಗಿ ನಿಂತಿತು. ‘ಸಮಾಜವಾದಿ’ ಎಂಬ ವಿಶೇಷಣಕ್ಕೆ ಅದರ ನಡವಳಿಕೆಯಲ್ಲಿ ಹೆಚ್ಚಿನ ಆಧಾರ ಹುಡುಕುವುದು ವ್ಯರ್ಥ. ಅದು ಪುರಸಭೆಗಳ ಹಳೆಯ ಯಂತ್ರಕ್ಕೆ ಸಿಕ್ಕ ಹೊಸ ಹೆಸರಾಗಿತ್ತು.

1948ರ ಜೂನ್ ತಿಂಗಳಲ್ಲಿ ಫ್ರಾನ್ಸ್, ಪ್ರತಿಯೊಂದು ನೆಲೆಯ ಭವಿಷ್ಯವನ್ನು ಅಲ್ಲಿನ ಜನಮತವೇ ನಿರ್ಧರಿಸಲಿ ಎಂದು ಘೋಷಿಸಿತು. ಅಕ್ಟೋಬರಿನ ಪುರಸಭಾ ಚುನಾವಣೆಗಳ ಹೊತ್ತಿಗೆ ಮಾಹೆಯಲ್ಲಿ ಐ.ಕೆ. ಕುಮಾರನ್ ಅವರ ನೇತೃತ್ವದ, ಭಾರತದೊಡನೆ ವಿಲೀನ ಬಯಸಿದ್ದ ಮಹಾಜನ ಸಭೆಯವರು ಆಡಳಿತವನ್ನೇ ಕೆಲವು ದಿನ ವಶಕ್ಕೆ ತೆಗೆದುಕೊಂಡು, ಫ್ರೆಂಚ್ ಯುದ್ಧನೌಕೆ ಬಂದ ಮೇಲೆ ಗಡಿ ದಾಟಿ ಹೋದರು; ಪುದುಚೇರಿಯಲ್ಲಿ ಸಮಾಜವಾದಿಗಳು ಗೆದ್ದರು. ಚಂದ್ರನಗರದಲ್ಲಿ ಮಾತ್ರ 1949ರ ಜೂನ್ 19ರಂದು ಜನಮತ ಸಂಗ್ರಹ ನಡೆದು, ಭಾರತದ ಪರ 7,463, ಫ್ರಾನ್ಸಿನ ಪರ 114 ಮತಗಳು ಬಿದ್ದವು. 1950ರ ಮೇ 2ರಂದು ಆ ಊರು ಭಾರತದ ಆಡಳಿತಕ್ಕೆ ಸೇರಿದಾಗ ಈ ಮತಕ್ಷೇತ್ರದ ಒಂದು ತುಣುಕು ಕಳಚಿಬಿತ್ತು. ಅದೇ ವರ್ಷದ ಜನವರಿಯಲ್ಲಿ ಪುದುಚೇರಿಯಲ್ಲಿ ಸುಬ್ಬಯ್ಯನವರ ಮನೆಗೆ ಬೆಂಕಿ ಹಚ್ಚಲಾಗಿತ್ತು. 1951ರಲ್ಲಿ ಪರಿಸ್ಥಿತಿಯನ್ನು ನೋಡಲು ಬಂದ ತಟಸ್ಥ ದೇಶಗಳ ವೀಕ್ಷಕರು ಇಲ್ಲಿ ಮುಕ್ತ ಜನಮತಕ್ಕೆ ತಕ್ಕ ವಾತಾವರಣವಿಲ್ಲವೆಂಬ ಅಭಿಪ್ರಾಯಕ್ಕೆ ಬಂದರು.

ಅಂಥ ವಾತಾವರಣದಲ್ಲಿಯೇ 1951ರ ಜೂನ್ 17ರಂದು ಈ ಕ್ಷೇತ್ರದ ಕೊನೆಯ ಚುನಾವಣೆ ನಡೆಯಿತು. ಸಮಾಜವಾದಿಗಳಿಂದ ಅಷ್ಟರಲ್ಲಿ ದೂರವಾಗಿದ್ದ ಸರವಣೆಯನ್ನು ಗೂಬೇರ್ ಮಣಿಸಿದ. ಅವನಿಗೆ ಬಿದ್ದ ಮತಗಳ ರಾಶಿಯ ಮುಂದೆ ಎದುರಾಳಿಗಳ ಮತಗಳು ಲೆಕ್ಕಕ್ಕೇ ಸಿಗುವಂತಿರಲಿಲ್ಲ. ಐದು ವರ್ಷ ಅದೇ ಸ್ಥಾನದಲ್ಲಿದ್ದವನ ಬೆಂಬಲ ಹಾಗೆ ಒಂದೇ ಏಟಿಗೆ ಆವಿಯಾಗುವುದು ಜನಮನದ ಬದಲಾವಣೆಯಿಂದ ಅಲ್ಲ. ಪುರಸಭೆಗಳು ಯಾರ ಹಿಂದಿದ್ದವೋ ಅವನೇ ಗೆಲ್ಲುತ್ತಿದ್ದನೆಂಬ ಷಣ್ಮುಗನ ಕಾಲದ ನಿಯಮ, ಪಟ್ಟಿಗಳು ಒಂದಾಗಿ ಸ್ತ್ರೀಯರಿಗೂ ಮತ ಬಂದ ಮೇಲೂ ಹಾಗೆಯೇ ಉಳಿದಿತ್ತು. ಫ್ರೆಂಚ್ ತಂದೆಗೂ ಭಾರತೀಯ ತಾಯಿಗೂ ಹುಟ್ಟಿ, ನ್ಯಾಯಾಲಯದ ನೌಕರಿಯಿಂದ ರಾಜಕೀಯಕ್ಕೆ ಬಂದಿದ್ದ ಗೂಬೇರ್‌ಗೆ ಆ ನಿಯಮದ ಒಳಹೊರಗೆಲ್ಲ ತಿಳಿದಿತ್ತು.

ಆದ್ದರಿಂದಲೇ ಅದರ ಕೊನೆಯ ಬಳಕೆಯೂ ಅವನಿಂದಲೇ ಆಯಿತು. ಭಾರತ ಗಡಿಯ ಓಡಾಟವನ್ನೂ ಸರಕು ಸಾಗಣೆಯನ್ನೂ ಬಿಗಿಗೊಳಿಸುತ್ತ ಬಂದಂತೆ, ಒಳಗೆ ಅವನ ಮೇಲೆಯೇ ಅಕ್ರಮದ ಆರೋಪಗಳೂ ತನಿಖೆಯ ಭಯವೂ ಹೆಚ್ಚಿದಂತೆ, ಫ್ರೆಂಚ್ ಪಕ್ಷದ ಆಧಾರಸ್ತಂಭವೆನಿಸಿದ್ದ ಗೂಬೇರ್ ತಿರುಗಿಬಿದ್ದ. 1954ರ ಮಾರ್ಚ್ 18ರಂದು ಪುದುಚೇರಿಯ ಮೇರ್‌ಗಳೂ ಸ್ಥಳೀಯ ಸರ್ಕಾರದಲ್ಲಿದ್ದ ಅವನ ಬಣದ ಮಂತ್ರಿಗಳೂ ಜನಮತ ಸಂಗ್ರಹವಿಲ್ಲದೆ ನೇರವಾಗಿ ಭಾರತದೊಡನೆ ವಿಲೀನವಾಗಬೇಕೆಂದು ನಿರ್ಣಯಿಸಿದರು. ತಿಂಗಳ ಕೊನೆಯಲ್ಲಿ, ಭಾರತದ ನೆಲದಿಂದ ಸುತ್ತುವರಿದಿದ್ದ ನೆಟ್ಟಪಾಕ್ಕಂನಲ್ಲಿ ತಾತ್ಕಾಲಿಕ ಸರ್ಕಾರ ನಿಂತು, ಫ್ರೆಂಚ್ ಸಂಸತ್ತಿನ ಸದಸ್ಯನೊಬ್ಬನ ಕೈಯಿಂದ ಭಾರತದ ಧ್ವಜ ಮೇಲೇರಿತು. ಜೂನ್‌ನಲ್ಲಿ ಯಾನಂ, ಜುಲೈ 16ರಂದು ಮಾಹೆ ಫ್ರೆಂಚರ ಕೈಬಿಟ್ಟವು. ಅಕ್ಟೋಬರ್ 18ರಂದು ಕೀಳೂರು ಎಂಬ ಹಳ್ಳಿಯಲ್ಲಿ ಫ್ರೆಂಚ್ ಇಂಡಿಯಾದ ಪ್ರತಿನಿಧಿ ಸಭೆಯ ಸದಸ್ಯರೂ ಪುರಸಭಾ ಸದಸ್ಯರೂ ಒಟ್ಟು 178 ಮಂದಿ ಸೇರಿ ಮತ ಹಾಕಿದರು: ವಿಲೀನದ ಪರ 170, ವಿರುದ್ಧ 8. ಫ್ರೆಂಚ್ ಸಂವಿಧಾನ ಬೇಡುತ್ತಿದ್ದ ಜನಾಭಿಪ್ರಾಯಕ್ಕೆ ಈ ಮತದಾನವನ್ನೇ ಬದಲಿಯೆಂದು ಎರಡೂ ಸರ್ಕಾರಗಳು ಒಪ್ಪಿಕೊಂಡವು. ಜನರು ವಿಲೀನವನ್ನು ಬಯಸಿರಲಿಲ್ಲವೆಂದು ಇದರ ಅರ್ಥವಲ್ಲ, ಬಹುಪಾಲು ಜನ ಬಯಸಿದ್ದರೆಂಬುದಕ್ಕೆ ಅದಕ್ಕೂ ಹಿಂದಿನ ಹೋರಾಟಗಳೇ ಸಾಕ್ಷಿ. ಆದರೆ ಅವರನ್ನು ನೇರವಾಗಿ ಕೇಳುವ ಅವಕಾಶ ಬಂದಾಗಲೂ ಉತ್ತರಿಸಿದವರು ಕೊಮ್ಯೂನ್‌ಗಳ ಸದಸ್ಯರೇ.

ನವೆಂಬರ್ 1ರಂದು ಆಡಳಿತ ಭಾರತಕ್ಕೆ ಹಸ್ತಾಂತರವಾಯಿತು. ಆದರೆ ಕಾನೂನಿನ ಪ್ರಕಾರ ಸಾರ್ವಭೌಮತ್ವ ಇನ್ನೂ ಫ್ರಾನ್ಸಿನದೇ. 1956ರ ಮೇ 28ರಂದು ಸಹಿಯಾದ ಬಿಟ್ಟುಕೊಡುವಿಕೆಯ ಒಪ್ಪಂದ ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಹಾಗಾಗಿ ಎಂಟು ವರ್ಷಗಳ ಕಾಲ ಕಾಗದದ ಮೇಲೆ ಫ್ರಾನ್ಸಿನ ಭಾಗವಾಗಿದ್ದ ಈ ನೆಲಕ್ಕೆ, 1956ರ ಜನವರಿಯಲ್ಲಿ ಫ್ರಾನ್ಸ್ ಹೊಸ ಸಂಸತ್ತನ್ನು ಆರಿಸಿದಾಗ, ಅಲ್ಲಿ ಸ್ಥಾನವಿರಲಿಲ್ಲ. ಒಪ್ಪಂದದ ಮೂಲಕ ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡ ಕೆಲವು ಸಾವಿರ ಮಂದಿ ಮತ್ತು ಅವರ ಸಂತತಿಯವರು, 2012ರಿಂದ, ವಿದೇಶಗಳಲ್ಲಿ ನೆಲೆಸಿದ ಫ್ರೆಂಚರಿಗಾಗಿ ರಚಿಸಲಾದ ಹನ್ನೊಂದನೆಯ ಮತಕ್ಷೇತ್ರದಲ್ಲಿ, ಏಷ್ಯಾದ ಇತರ ದೇಶಗಳ ಜೊತೆಗೆ ಆಸ್ಟ್ರೇಲಿಯಾ, ರಷ್ಯಾಗಳ ಫ್ರೆಂಚ್ ನಿವಾಸಿಗಳೊಡನೆ ಕೂಡಿ ಮತ ಹಾಕುತ್ತಿದ್ದಾರೆ. ಗೂಬೇರ್ ಮಾತ್ರ ತನ್ನ ಹಳೆಯ ಊರಿನಲ್ಲಿಯೇ ಉಳಿದು, ಕಾಂಗ್ರೆಸ್ ಪಕ್ಷದ ನಾಯಕನಾಗಿ 1963ರ ಜುಲೈ 1ರಂದು ಪುದುಚೇರಿಯ ಮೊದಲ ಮುಖ್ಯಮಂತ್ರಿಯಾದ. ಮರುವರ್ಷದ ಸೆಪ್ಟೆಂಬರಿನಲ್ಲಿ ಆ ಹುದ್ದೆಯನ್ನು ಬಿಡಬೇಕಾಯಿತು. ಪುದುಚೇರಿಯ ಕಡಲತೀರದ ರಸ್ತೆಗೂ ಊರಿನ ದೊಡ್ಡ ಮಾರುಕಟ್ಟೆಗೂ ಇಂದಿಗೂ ಅವನ ಹೆಸರೇ ಇದೆ.